ಅಡುಗೆಮನೆಗೆ ಬೆಳಕು ಬಂದದ್ದು ಕೊನೆಗೆ

ಕರೆಂಟಿನ ಚರಿತ್ರೆ ಅಂದಕೂಡಲೆ ನಾವು ಕನ್ನಡಿಗರು ಹೆಮ್ಮೆಯಿಂದ ಶಿವನಸಮುದ್ರದ ಹೆಸರು ಹೇಳುತ್ತೇವೆ. ಹೇಳಬೇಕಾದ್ದೇ. ದಿವಾನ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ ಅದು. ಅವರು 1901ರಲ್ಲೇ ತೀರಿಕೊಂಡರು, ಕರೆಂಟು ಹರಿದದ್ದು 1902ರಲ್ಲಿ. ಆದರೆ ಅದು ಮೊದಲು ಹೋದದ್ದು ಎಲ್ಲಿಗೆ ಹೇಳಿ? ಯಾರ ಮನೆಗೂ ಅಲ್ಲ, ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ! ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರ ಆಗಸ್ಟಿನಲ್ಲಿ.

ನಾನು ನಲವತ್ತು ವರ್ಷದಿಂದ ಅನ್ನ ತಿನ್ನುತ್ತಿರುವ ಈ ಮುಂಬಯಿಯದೂ ಅದೇ ಕಥೆ. ಘಟ್ಟದ ಮೇಲೆ ಕೆರೆ ಕಟ್ಟಿ, ಆ ನೀರನ್ನು ಖೋಪೋಲಿಗೆ ಇಳಿಸಿ ಟಾಟಾದವರು 1915ರಲ್ಲಿ ಕರೆಂಟು ತೆಗೆದದ್ದು ಮುಖ್ಯವಾಗಿ ಇಲ್ಲಿನ ಬಟ್ಟೆ ಗಿರಣಿಗಳಿಗಾಗಿ. ಮೊದಲು ಗಣಿ, ಗಿರಣಿ. ಆಮೇಲೆ ಬೀದಿ. ಆಮೇಲೆ ಮನೆ. ಮನೆಯೊಳಗೂ ಒಂದು ಸರದಿ ಇತ್ತು. ಆ ಸರದಿಯಲ್ಲಿ ಕಟ್ಟಕಡೆಗೆ ನಿಂತದ್ದು ಅಡುಗೆಮನೆ.

ಉಡುಪಿ ಕಡೆಯ ನಮ್ಮ ಊರ ಮನೆಯನ್ನೇ ತೆಗೆದುಕೊಳ್ಳಿ. ಕರೆಂಟು ಬಂದಾಗ ಚಾವಡಿಗೆ 60 ವ್ಯಾಟಿನ ಬಲ್ಬು, ದೇವರ ಕೋಣೆಗೆ 40. ಅಡುಗೆಮನೆಗೆ? ಝೀರೋ ಬಲ್ಬು. ಹೆಸರಿಗೆ ಝೀರೋ, ತಿನ್ನುವುದು 15 ವ್ಯಾಟ್. ಅಮ್ಮ ಅದರ ಜೊತೆಗೆ ಚಿಮಣಿ ದೀಪವನ್ನೂ ಹಚ್ಚಿಕೊಳ್ಳುತ್ತಿದ್ದರು. ಬಡವರ ಮನೆಗೆ ಸರ್ಕಾರ ಭಾಗ್ಯಜ್ಯೋತಿ ಕೊಟ್ಟಾಗಲೂ ಮನೆಗೆ ಒಂದೇ ದೀಪ. ಆ ಒಂದನ್ನು ಒಲೆಯ ಮುಂದೆ ಹಾಕಿಸಿದವರು ಎಷ್ಟು ಮಂದಿ ಇದ್ದಾರು?

ಮುಂಬಯಿಗೆ ಬಂದ ಮೇಲೆ ಚಾಳಿನ ಖೋಲಿಯಲ್ಲಿ ಟ್ಯೂಬ್‌ಲೈಟು ಸಿಕ್ಕಿತು. ಆದರೆ ಅದು ಖೋಲಿಯ ನಡುಗೋಡೆಯ ಮೇಲೆ. ಓಟೆ, ಮೋರಿ ಎಲ್ಲ ಮೂಲೆಯಲ್ಲಿ. ಒಲೆಯ ಮುಂದೆ ನಿಂತವರಿಗೆ ಬೆಳಕು ಬೆನ್ನ ಹಿಂದೆ, ನೆರಳು ಕೈಯ ಮೇಲೆ. ಫ್ಲ್ಯಾಟಿಗೆ ಬಂದರೂ ಇದು ತಪ್ಪಲಿಲ್ಲ ನೋಡಿ. ಬೇಳೆಯಲ್ಲಿ ಕಲ್ಲು ಆರಿಸುವುದು, ಸೊಪ್ಪಿನಲ್ಲಿ ಹುಳ ಹುಡುಕುವುದು, ಹರಿತದ ಈಳಿಗೆ ಮಣೆ... ಎಲ್ಲ ತಮ್ಮದೇ ನೆರಳಿನಲ್ಲಿ! ನಮ್ಮ ಮನೆಯ ಹೆಂಗಸರು ಬದುಕಿಡೀ ಹಾಗೆ ಕೆಲಸ ಮಾಡಿದರು, ನಾವು ಚಾವಡಿಯ ಬೆಳಕಿನಲ್ಲಿ ಪೇಪರು ಓದಿದೆವು.

ದೀಪವನ್ನು ಮುಂದಕ್ಕೆ, ಕಟ್ಟೆಯ ಮೇಲೆಯೇ ಹಾಕಬಹುದಿತ್ತಲ್ಲ ಅಂದರೆ, ಅಲ್ಲಿ ಅಟ್ಟ ಇರುತ್ತದೆ. ಅಟ್ಟದ ಅಡಿಗೆ ಪಿಒಪಿ ಮಾಡಿಸಿದರೂ ಒಳಗೆ ಸಿಗುವ ಜಾಗ ಎರಡು, ಎರಡೂವರೆ ಇಂಚು. ಹಳೆಯ ಬಲ್ಬು ತಿಂದ ಕರೆಂಟಿನಲ್ಲಿ ಬೆಳಕಾಗುತ್ತಿದ್ದದ್ದು ನೂರಕ್ಕೆ ಐದಾರು ಪಾಲು, ಉಳಿದದ್ದೆಲ್ಲ ಬಿಸಿ. ಅದನ್ನು ಛಾವಣಿಯೊಳಗೆ ಹುದುಗಿಸಬೇಕಾದರೆ ಆರೇಳು ಇಂಚು ಆಳದ ಡಬ್ಬಿ ಬೇಕು, ಸುತ್ತ ಗಾಳಿ ಬೇಕು. ಆಮೇಲೆ ಬಂದ ಹ್ಯಾಲೊಜೆನ್ ಗಾತ್ರದಲ್ಲಿ ಚಿಕ್ಕದು, ಬಿಸಿಯಲ್ಲಿ ಇನ್ನೂ ಜೋರು. ಅಂದರೆ ನೆರಳಿಗೆ ಕಾರಣ ನಮ್ಮ ಉದಾಸೀನವೊಂದೇ ಅಲ್ಲ, ಬಿಸಿಯೂ ಹೌದು.

ಇದನ್ನು ಬಿಡಿಸಿದ್ದು ಎಲ್‌ಇಡಿ. ಅದರ ಕಥೆಯೂ ನಿಧಾನದ್ದೇ. ಅಮೆರಿಕದಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದ್ದು 1962ರಲ್ಲಿ. ಹಸಿರೂ ಬಂತು. ಆದರೆ ನೀಲಿ ಇಲ್ಲದೆ ಬಿಳಿ ಬೆಳಕು ಮಾಡುವುದು ಹೇಗೆ? ಮೂವತ್ತು ವರ್ಷ ಅಲ್ಲೇ ನಿಂತಿತು. ಜಪಾನಿನ ನಗೋಯಾದಲ್ಲಿ ಅಕಾಸಾಕಿ ಮತ್ತು ಅವರ ಶಿಷ್ಯ ಅಮಾನೊ ಗ್ಯಾಲಿಯಂ ನೈಟ್ರೈಡ್ ಹರಳನ್ನು ಪಟ್ಟು ಹಿಡಿದು ಬೆಳೆಸಿದರು. ನಿಚಿಯಾ ಕಂಪನಿಯಲ್ಲಿದ್ದ ನಾಕಾಮುರಾ 1993ರಲ್ಲಿ ಪ್ರಖರವಾದ ನೀಲಿ ದೀಪ ತೋರಿಸಿದರು. ನೀಲಿಯ ಮೇಲೆ ಹಳದಿ ಲೇಪ ಹಚ್ಚಿದರೆ ಬಿಳಿ! ಮೂವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಬಂತು.

ನಮ್ಮಂಥವರ ಕೈಗೆ ಎಟುಕಿಸಿದ್ದು ಬೆಲೆ. ಸರ್ಕಾರದ ಕಂಪನಿ 2014ರಲ್ಲಿ 310 ರೂಪಾಯಿ ಕೊಟ್ಟು ಕೊಂಡ ಬಲ್ಬು 2016ಕ್ಕೆ 40 ರೂಪಾಯಿಗೂ ಕಡಿಮೆಗೆ ಬಂತು. ನಡುವೆ 2015ರಲ್ಲಿ ಉಜಾಲಾ ಯೋಜನೆ ಶುರುವಾಯಿತು.

ಈಚೆಗೆ ನಮ್ಮ ಅಟ್ಟದ ಕೆಳಗೂ ಹಾಕಿಸಿದೆವು. ಇಲೆಕ್ಟ್ರಿಷಿಯನ್ ಹುಡುಗ ಅಳತೆ ಹಿಡಿದು, "ಅಂಕಲ್, ಎರಡೂವರೆ ಇಂಚು ಧಾರಾಳವಾಯ್ತು" ಅಂದ. ಬಿಲ್ಲೆಯಂಥ ದೀಪ ಒಂದಿಂಚೂ ದಪ್ಪ ಇಲ್ಲ. ಅದರ ಡ್ರೈವರ್ ಬೇರೆಯೇ ಚಿಕ್ಕ ಡಬ್ಬಿ, ತೂತಿನೊಳಗಿಂದ ಪಕ್ಕಕ್ಕೆ ಸರಿಸಿದರೆ ಮುಗಿಯಿತು. ನೀವೂ ಹಾಕಿಸುವುದಿದ್ದರೆ ನಾಲ್ಕು ಮಾತು ನೆನಪಿಡಿ. ತೂತು ಕೊರೆಯುವ ಮೊದಲು ದೀಪ ಕೊಂಡು ಅದರ ಡಬ್ಬಿಯ ಮೇಲಿನ ಅಳತೆ ನೋಡಿ. ದೀಪ ನಿಂತವರ ತಲೆಗಿಂತ ಮುಂದೆ, ಕಟ್ಟೆಯ ಮೇಲೆಯೇ ಬರಲಿ. ಎಲ್‌ಇಡಿಗೂ ಬಿಸಿ ಉಂಟು, ಅದು ಬೆನ್ನಿನ ಅಲ್ಯೂಮಿನಿಯಂ ತಟ್ಟೆಯಿಂದ ಹೋಗಬೇಕು, ಆದ್ದರಿಂದ ಮೇಲೆ ಹತ್ತಿ, ಥರ್ಮೋಕೋಲ್ ತುರುಕಬೇಡಿ. ಒಲೆಯ ನೆತ್ತಿಯ ಮೇಲೆ ಬೇಡ, ಉಗಿ ಮತ್ತು ಜಿಡ್ಡು. ಹೆಚ್ಚಾಗಿ ಮೊದಲು ಕೈಕೊಡುವುದು ಡ್ರೈವರ್, ಹಾಗಾಗಿ ದೀಪ ಕೆಳಗೆಳೆದರೆ ಅದೂ ಕೈಗೆ ಸಿಗುವಂತಿರಲಿ.

ಮೂರು ದೀಪ, ಒಂದೊಂದು 6 ವ್ಯಾಟ್. ಎಲ್ಲ ಸೇರಿ 18. ಅಮ್ಮನ ಝೀರೋ ಬಲ್ಬಿಗಿಂತ ಮೂರೇ ವ್ಯಾಟ್ ಹೆಚ್ಚು ಮಾರಾಯ್ರೆ!

ಮೊದಲ ಸಂಜೆ ನನ್ನ ಹೆಂಡತಿ ಹರಿವೆ ಸೊಪ್ಪು ಹೆಚ್ಚುತ್ತಾ, "ನನ್ನ ಕೈ ನನಗೆ ಕಾಣ್ತದೆ" ಅಂದಳು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಅವಳಿಗೆ ಅದು ಕಷ್ಟವಾಗಿತ್ತು.

ಗಣಿಯಿಂದ ಹೊರಟ ಬೆಳಕು ಈಳಿಗೆ ಮಣೆಗೆ ಮುಟ್ಟಲು ಬೇಕಾದದ್ದು ಒಂದು ಶತಮಾನಕ್ಕೂ ಹೆಚ್ಚು. ನಿಮ್ಮ ಊರ ಮನೆಯ ಅಡುಗೆಕೋಣೆಯಲ್ಲಿ ಎಂಥ ದೀಪ ಇತ್ತು? ಅಲ್ಲಿ ದುಡಿದವರು ಇನ್ನೂ ಇದ್ದರೆ ಅವರನ್ನೇ ಒಮ್ಮೆ ಕೇಳಿ ನೋಡಿ.