ಮೊದಲನೆಯ ಮಹಾಯುದ್ಧ: ನೆಪ ಯಾವುದು, ಕಾರಣ ಯಾವುದು?



ಮೊದಲನೆಯ ಮಹಾಯುದ್ಧಕ್ಕೆ ಕಾರಣವೇನು ಎಂದು ಪರೀಕ್ಷೆಯಲ್ಲಿ ಕೇಳಿದರೆ ನಿಮ್ಮಲ್ಲಿ ಹಲವರು 'ಆಸ್ಟ್ರಿಯಾದ ಯುವರಾಜನ ಕೊಲೆ' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತೀರಿ. ಸ್ವಲ್ಪ ನಿಲ್ಲಿ. ಕನ್ನಡದಲ್ಲಿ ನೆಪ ಬೇರೆ, ಕಾರಣ ಬೇರೆ. ಉರ್ದುವಿನಲ್ಲಿಯೂ 'ಬಹಾನಾ' ಬೇರೆ, 'ಸಬಬ್' ಬೇರೆ. ಇತಿಹಾಸ ಓದುವವರು ಇವೆರಡನ್ನು ಒಂದೇ ಎಂದು ತಿಳಿಯಬಾರದು.

1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೊ ನಗರದಲ್ಲಿ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಹಾಗೂ ಆತನ ಪತ್ನಿ ಸೋಫಿಯನ್ನು ಗವ್ರಿಲೊ ಪ್ರಿನ್ಸಿಪ್ ಎಂಬ 19 ವರ್ಷದ ಯುವಕ ಗುಂಡಿಟ್ಟು ಕೊಂದನು. ಆದರೆ ಅಂದೇ ಯುದ್ಧ ಆರಂಭವಾಗಲಿಲ್ಲ. ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿದ್ದು ಒಂದು ತಿಂಗಳ ನಂತರ, ಜುಲೈ 28ರಂದು. ಆಮೇಲೆ ಒಂದೇ ವಾರದಲ್ಲಿ ಜರ್ಮನಿ, ರಷ್ಯಾ, ಫ್ರಾನ್ಸ್, ಬ್ರಿಟನ್ ಎಲ್ಲವೂ ಯುದ್ಧಕ್ಕಿಳಿದವು. ಒಂದು ಕಿಡಿ ಇಷ್ಟು ದೊಡ್ಡ ಬೆಂಕಿಯಾಗಬೇಕಾದರೆ ಸೌದೆಯನ್ನು ಮೊದಲೇ ಒಟ್ಟಿರಬೇಕಲ್ಲವೇ?

ಮೊದಲನೆಯ ಸೌದೆ ಹಳೆಯ ಸೇಡು. 1871ರಲ್ಲಿ ಜರ್ಮನಿ ಕಿತ್ತುಕೊಂಡ ಅಲ್ಸೇಸ್-ಲೊರೇನ್ ಪ್ರದೇಶವನ್ನು ಫ್ರೆಂಚರು ಮರೆಯಲಿಲ್ಲ. ಎರಡನೆಯದು ಗುಂಪುಗಾರಿಕೆ. 1882ರಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿ ಒಂದು ಕೂಟ ಕಟ್ಟಿದವು. 1907ರ ವೇಳೆಗೆ ಫ್ರಾನ್ಸ್, ರಷ್ಯಾ, ಬ್ರಿಟನ್ ಇನ್ನೊಂದು ಕಡೆ ಸೇರಿದ್ದವು. ಮೂರನೆಯದು ಶಸ್ತ್ರಾಸ್ತ್ರಗಳ ಪೈಪೋಟಿ. ಜರ್ಮನಿ 1898ರಿಂದ ನೌಕಾಬಲ ಹೆಚ್ಚಿಸಿದರೆ, ಬ್ರಿಟನ್ 1906ರಲ್ಲಿ 'ಡ್ರೆಡ್‌ನಾಟ್' ಎಂಬ ಬೃಹತ್ ಯುದ್ಧನೌಕೆಯನ್ನು ನೀರಿಗಿಳಿಸಿತು. ನಾಲ್ಕನೆಯದು ವಸಾಹತುಗಳ ಆಸೆ. ಮೊರಾಕ್ಕೋದ ವಿಷಯವಾಗಿ 1905 ಮತ್ತು 1911ರಲ್ಲಿ ಫ್ರಾನ್ಸ್, ಜರ್ಮನಿ ಯುದ್ಧದ ಅಂಚಿಗೆ ಬಂದಿದ್ದವು. ಐದನೆಯದು ಉಗ್ರ ರಾಷ್ಟ್ರೀಯತೆ. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡದ್ದು ಸರ್ಬಿಯನ್ನರನ್ನು ಕೆರಳಿಸಿತು.

ಇವೆಲ್ಲದರ ಮೇಲೆ ಭಯವೆಂಬ ಎಣ್ಣೆ ಬಿತ್ತು. ರಷ್ಯಾ ಇನ್ನಷ್ಟು ಬಲಗೊಳ್ಳುವ ಮೊದಲೇ ಹೋರಾಡುವುದು ಲೇಸೆಂದು ಜರ್ಮನ್ ಸೇನಾಧಿಕಾರಿಗಳು ಎಣಿಸಿದರು. ಸೈನ್ಯ ಸಾಗಿಸುವ ರೈಲುಗಳ ವೇಳಾಪಟ್ಟಿ ಸಿದ್ಧವಾಗಿತ್ತು. ಮಾತುಕತೆಗೆ ಮಾತ್ರ ಯಾರಿಗೂ ವೇಳೆ ಇರಲಿಲ್ಲ.

ರಕ್ತಸಂಬಂಧವೂ ಯುದ್ಧವನ್ನು ತಡೆಯಲಿಲ್ಲ. ಜರ್ಮನಿಯ ಕೈಸರ್ ಎರಡನೆಯ ವಿಲ್‌ಹೆಲ್ಮ್ ಮತ್ತು ಬ್ರಿಟನ್ನಿನ ಐದನೆಯ ಜಾರ್ಜ್ ಇಬ್ಬರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು! ಧರ್ಮವೂ ತಡೆಯಲಿಲ್ಲ. ತುರ್ಕಿಯ ಖಲೀಫರು ಜರ್ಮನಿಯ ಪಕ್ಷದಲ್ಲಿದ್ದರು. ಬ್ರಿಟಿಷ್ ಸೈನ್ಯದಲ್ಲಿದ್ದ ಭಾರತೀಯ ಮುಸ್ಲಿಂ ಸೈನಿಕರು ಅವರ ಸೈನ್ಯದ ಎದುರೇ ನಿಲ್ಲಬೇಕಾಯಿತು. ನಮ್ಮ ಮೈಸೂರು ಸಂಸ್ಥಾನದ ಅಶ್ವದಳವೂ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರದಲ್ಲಿ ತುರ್ಕರ ವಿರುದ್ಧ ಹೋರಾಡಿತು. ಸರಾಯೆವೊದ ಗುಂಡಿಗೂ ಮೈಸೂರಿನ ಸವಾರನಿಗೂ ಏನು ಸಂಬಂಧ? ನಾವು ಅಂದು ಪರರ ಆಳ್ವಿಕೆಯಲ್ಲಿದ್ದೆವು, ಅಷ್ಟೆ.

1919ರ ಜೂನ್ 28ರಂದು, ಅಂದರೆ ಸರಾಯೆವೊ ಕೊಲೆ ನಡೆದು ಸರಿಯಾಗಿ ಐದು ವರ್ಷಕ್ಕೆ, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿತ್ತು. ಯುದ್ಧದ ನಷ್ಟದ ಹೊಣೆಯನ್ನೆಲ್ಲ ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಲಾಯಿತು. ಜರ್ಮನಿಯ ತಪ್ಪು ಸಣ್ಣದಲ್ಲ. ಆದರೆ ಉಳಿದವರು ತಾವು ಒಟ್ಟಿದ ಸೌದೆಯ ಕಡೆ ನೋಡಲಿಲ್ಲ. ಆ ಒಪ್ಪಂದದಿಂದ ಹುಟ್ಟಿದ ಅವಮಾನದ ಭಾವನೆಯನ್ನು ಹಿಟ್ಲರ್ ಬಳಸಿಕೊಂಡನು. 1939ರಲ್ಲಿ ಬೆಂಕಿ ಮತ್ತೆ ಹೊತ್ತಿಕೊಂಡಿತು.

ವಿದ್ಯಾರ್ಥಿಗಳೇ, ನಾಳೆ ನಿಮ್ಮ ಬೀದಿಯಲ್ಲೋ ಕಾಲೇಜಿನಲ್ಲೋ ಜಗಳವಾದರೆ ಮೊದಲ ಕಲ್ಲು ಎಸೆದವರು ಯಾರು ಎಂದು ಎಲ್ಲರೂ ಕೇಳುತ್ತಾರೆ. ನೀವು ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಇಷ್ಟು ದಿನ ಸೌದೆ ಒಟ್ಟಿದವರು ಯಾರು, ಅದರಲ್ಲಿ ನಮ್ಮದೆಷ್ಟು?