ಅಡಿಟಿಪ್ಪಣಿಯ ವಿಳಾಸ

ಹಿಂಸೆ ತುಂಬಿದ ವಿಡಿಯೋ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು 2011ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿತು. ತೀರ್ಪಿಗೆ ಸಮ್ಮತಿಸಿ ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ, 14ನೇ ಅಡಿಟಿಪ್ಪಣಿಯಲ್ಲಿ ಒಂದು ಜಾಲತಾಣದ ವಿಳಾಸ ಕೊಟ್ಟಿದ್ದರು. ಕೆಲಕಾಲದಲ್ಲೇ ಆ ವಿಳಾಸ ಬೇರೆಯವರ ಪಾಲಾಯಿತು. ಹೊಸ ಒಡೆಯರು ಅಲ್ಲಿ ಅಂಟಿಸಿದ್ದು ಒಂದು ಕುಚೋದ್ಯ: ಈ ಪುಟವನ್ನು ನೀವು ಉಲ್ಲೇಖಿಸಲಿಲ್ಲವಲ್ಲ, ಬಚಾವಾದಿರಿ!

ಅಚ್ಚಿನ ಪುಸ್ತಕಕ್ಕೆ ಈ ಕಾಟ ಇರಲಿಲ್ಲ. ಆವರಣದೊಳಗೆ ಲೇಖಕರ ಹೆಸರು, ಇಸವಿ ಹಾಕುವ ರೂಢಿಯ ಮೂಲವನ್ನು ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರಲ್ಲಿ ಪ್ರಕಟಿಸಿದ, ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಗಳ ಕುರಿತ ಪ್ರಬಂಧದಲ್ಲಿ ಗುರುತಿಸುತ್ತಾರೆ. ಹೆಸರು, ಇಸವಿ ಗೊತ್ತಿದ್ದರೆ ಸಾಕಿತ್ತು: ಪುಸ್ತಕ ಯಾವ ಗ್ರಂಥಾಲಯದಲ್ಲಿದ್ದರೂ ಪುಟ ಅದೇ.

ಜಾಲದ ಪುಟ ಹಾಗಲ್ಲ. ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಗದರಿದ್ದರು: ವಿಳಾಸಗಳು ತಾವಾಗಿ ಕೆಡುವುದಿಲ್ಲ, ಕೆಡಿಸುವವರು ತಾಣ ನಡೆಸುವವರು. ಅದಕ್ಕೂ ಎರಡು ವರ್ಷ ಮೊದಲೇ ಬ್ರೂಸ್ಟರ್ ಕೇಲ್ ಇಂಟರ್ನೆಟ್ ಆರ್ಕೈವ್ ಸ್ಥಾಪಿಸಿ ಪುಟಗಳ ಪ್ರತಿ ತೆಗೆದಿಡತೊಡಗಿದ್ದರು. ವೇಬ್ಯಾಕ್ ಮಷೀನ್ ಮೂಲಕ ಅವು ಸಾರ್ವಜನಿಕರಿಗೆ ಸಿಕ್ಕಿದ್ದು 2001ರಲ್ಲಿ.

ತಾಣ ಬದಲಾದರೂ ಲೇಖನದ ಗುರುತು ಬದಲಾಗಬಾರದೆಂದು ಹುಟ್ಟಿದ್ದು ಡಿಒಐ (ಡಿಜಿಟಲ್ ಆಬ್ಜೆಕ್ಟ್ ಐಡೆಂಟಿಫೈಯರ್) ಎಂಬ ಗುರುತುಸಂಖ್ಯೆ. 2000ದಲ್ಲಿ ಪ್ರಕಾಶಕರು ಸೇರಿ ಕ್ರಾಸ್‌ರೆಫ್ ಎಂಬ ನೋಂದಣಿ ಸಂಸ್ಥೆ ಕಟ್ಟಿದ ಮೇಲೆ ಸಂಶೋಧನಾ ಪತ್ರಿಕೆಗಳಲ್ಲಿ ಅದು ಬೇರೂರಿತು. ಡಿಒಐ ಕೈಪಿಡಿಯ ಸಂಖ್ಯೆಯನ್ನೇ ನೋಡಿ: 10.1000/182. ಓರೆಗೆರೆಯ ಎಡಕ್ಕಿರುವುದು ಸಂಸ್ಥೆಯ ಗುರುತು, ಬಲಕ್ಕಿರುವುದು ಕೃತಿಯದು. ಲೇಖನ ಬೇರೆ ತಾಣಕ್ಕೆ ಹೋದರೆ ಪ್ರಕಾಶಕರು ನೋಂದಣಿಯಲ್ಲಿ ಹೊಸ ವಿಳಾಸ ತುಂಬಿದರಾಯಿತು. ಹಳೆಯ ಪ್ರಬಂಧಗಳಲ್ಲಿ ಅಚ್ಚಾದ ಸಂಖ್ಯೆ ಮೊದಲಿನಂತೆಯೇ ಕೆಲಸ ಮಾಡುತ್ತದೆ.

ಉಲ್ಲೇಖ ಹೇಗೆ ಬರೆಯಬೇಕೆಂದು ಹೇಳುವ ಶೈಲಿ ಕೈಪಿಡಿಗಳದ್ದು ಮಾತ್ರ ಹಗ್ಗಜಗ್ಗಾಟ. 2009ರಲ್ಲಿ ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್‌ನ (ಎಂಎಲ್‌ಎ) ಕೈಪಿಡಿ, ಯುಆರ್‌ಎಲ್ (ಜಾಲವಿಳಾಸ) ಕಡ್ಡಾಯವಲ್ಲ ಎಂದಿತು. 2016ರಲ್ಲಿ ಕೊಡಿ ಎಂದಿತು. ಈ ನಡುವೆ ಹಾರ್ವರ್ಡ್‌ನ ಜೊನಾಥನ್ ಜಿಟ್ರೇನ್, ಕೆಂಡ್ರಾ ಆಲ್ಬರ್ಟ್, ಲಾರೆನ್ಸ್ ಲೆಸಿಗ್ ಎಣಿಸಿ ನೋಡಿದರು. ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿದ್ದ ಕೊಂಡಿಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಗೆ ಒಯ್ಯುತ್ತಿರಲಿಲ್ಲ. ಹಾರ್ವರ್ಡ್ ಕಾನೂನು ಗ್ರಂಥಾಲಯ 2013ರಲ್ಲಿ ಪರ್ಮಾ.ಸಿಸಿ ಆರಂಭಿಸಿತು. ಉಲ್ಲೇಖಿಸುವ ಹೊತ್ತಿಗೇ ಪುಟದ ಪ್ರತಿ ತೆಗೆದು, ಅದಕ್ಕೆ ಶಾಶ್ವತ ಕೊಂಡಿ ಕೊಡುವ ಸೇವೆಯಿದು. 2015ರಲ್ಲಿ ಕೋರ್ಟೂ ತಾನು ಉಲ್ಲೇಖಿಸಿದ ಜಾಲಪುಟಗಳ ಪ್ರತಿಗಳನ್ನು ತನ್ನದೇ ತಾಣದಲ್ಲಿ ಇಡತೊಡಗಿತು.

ದಿನವೂ ತಿದ್ದುವ ಪುಟದ್ದು ಇನ್ನೊಂದು ಪೇಚು. ವಿಕಿಪೀಡಿಯದ ಲೇಖನವನ್ನು ಉಲ್ಲೇಖಿಸುವುದಾದರೆ ಓದಿದ ಆವೃತ್ತಿಯದೇ ಕೊಂಡಿ ಕೊಡಿ ಎನ್ನುತ್ತದೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ (ಎಪಿಎ) ಕೈಪಿಡಿಯ 2019ರ ಆವೃತ್ತಿ. ಕನ್ನಡ ವಿಕಿಪೀಡಿಯದಲ್ಲೂ ಪ್ರತಿ ಲೇಖನಕ್ಕೆ ಇತಿಹಾಸದ ಪುಟವಿದೆ. ಅಲ್ಲಿ ತಾರೀಖಿನ ಮೇಲೆ ಒತ್ತಿದರೆ ಆ ದಿನದ ಪಠ್ಯ, ಅದರದೇ ವಿಳಾಸದೊಡನೆ ತೆರೆದುಕೊಳ್ಳುತ್ತದೆ.