ಟ್ರಂಕಿನೊಳಗೆ ಮಾಸುತ್ತಿರುವ ಊರು

ರಾಮನಗರ ಸೀಮೆಯ ಬಂಡೆಗಳನ್ನು ಕಣ್ಣಾರೆ ಕಂಡವರಿಗಿಂತ ಅವುಗಳ ಚಿತ್ರವನ್ನು ಕಂಡವರೇ ಹೆಚ್ಚು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಮಾಗಡಿ ಬಳಿಯ ಸಾವನದುರ್ಗವನ್ನು ಹಿಡಿಯಿತು. ಆ ದಂಡಯಾತ್ರೆಯಲ್ಲಿ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಇಲ್ಲಿನ ದುರ್ಗಗಳನ್ನು ಬರೆದುಕೊಂಡ; 1794ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾದವು. 1973ರ ಅಕ್ಟೋಬರಿನಲ್ಲಿ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ರಮೇಶ್ ಸಿಪ್ಪಿಯವರ ‘ಶೋಲೆ’ಯ ಚಿತ್ರೀಕರಣ ಆರಂಭವಾಯಿತು. ಮುಂದೆ ಡೇವಿಡ್ ಲೀನ್ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಗುಹೆಯ ದೃಶ್ಯಗಳಿಗಾಗಿ ಇದೇ ಬೆಟ್ಟಗಳಿಗೆ ಬಂದರು.

ಇಷ್ಟೊಂದು ಬಾರಿ ಚಿತ್ರಕ್ಕೆ ಸಿಕ್ಕ ನೆಲದ ಚಿತ್ರಗಳು ಸುರಕ್ಷಿತವಾಗಿರಬೇಕು ಎಂದು ಯಾರಾದರೂ ಭಾವಿಸುವುದು ಸಹಜ. ‘ಶೋಲೆ’ಯ ಕಥೆಯೇ ಅದನ್ನು ಸುಳ್ಳು ಮಾಡುತ್ತದೆ. ಈ ಚಿತ್ರವನ್ನು 35 ಮಿ.ಮೀ. ಫಿಲ್ಮಿನಲ್ಲಿ ತೆಗೆದು 70 ಮಿ.ಮೀ.ಗೆ ಹಿಗ್ಗಿಸಿ 1975ರ ಆಗಸ್ಟ್ 15ರಂದು ತೆರೆಗೆ ತಂದರು. ಅರ್ಧ ಶತಮಾನದ ನಂತರ, ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಪುನರುಜ್ಜೀವನಗೊಳಿಸಲು ಹೊರಟಾಗ ಮೂಲ ನೆಗೆಟಿವ್ ಬಳಸಲಾಗದಷ್ಟು ಕೆಟ್ಟುಹೋಗಿತ್ತು. 70 ಮಿ.ಮೀ. ಪ್ರತಿ ಒಂದೂ ಉಳಿದಿರಲಿಲ್ಲ. ಕೈಹಿಡಿದದ್ದು ಬ್ರಿಟನ್ನಿನ ಉಗ್ರಾಣವೊಂದರಲ್ಲಿ ಉಳಿದಿದ್ದ ಪ್ರತಿಗಳು ಮತ್ತು 1978ರ ಇನ್ನೊಂದು ಪ್ರತಿ. ಅವುಗಳಿಂದ ಸಿದ್ಧವಾದ ಚಿತ್ರ, ಅಂದು ಸೆನ್ಸಾರ್ ಒಪ್ಪದಿದ್ದ ಮೂಲ ಅಂತ್ಯದೊಡನೆ, 2025ರ ಜೂನ್ 27ರಂದು ಇಟಲಿಯ ಬೊಲೊನ್ಯಾದಲ್ಲಿ ಪ್ರದರ್ಶನಗೊಂಡಿತು.

ದೇಶವೇ ಬಾಯಿಪಾಠ ಮಾಡಿಕೊಂಡ ಸಿನಿಮಾದ ಗತಿ ಇದಾದರೆ, ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿರುವ ಫೋಟೊಗಳ ಗತಿ ಏನು?

ಆ ಟ್ರಂಕಿನಲ್ಲಿರುವುದು ಮದುವೆ, ನಾಮಕರಣಗಳ ಚಿತ್ರ ಮಾತ್ರವಲ್ಲ. ಮದುಮಕ್ಕಳ ಹಿಂದೆ ಕಾಣುವ ಹೆಂಚಿನ ಮನೆ, ಚನ್ನಪಟ್ಟಣದ ಗೊಂಬೆ ತಿರುಗಿಸುವ ಯಂತ್ರದ ಮುಂದೆ ಕುಳಿತ ಕುಶಲಕರ್ಮಿ, ರಾಮನಗರದಲ್ಲಿ ಗಾಡಿಯಿಂದ ಇಳಿಯುತ್ತಿರುವ ರೇಷ್ಮೆಗೂಡು, ಕನಕಪುರದ ಸಂತೆ, ಮಾಗಡಿಯ ತೇರು, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ನೆಟ್ಟ ಆಲದ ಸಸಿಗಳು ಹೆಮ್ಮರವಾಗುವ ಮುನ್ನ ಯಾರಾದರೂ ಆ ದಾರಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದರೆ, ಅದು ಇಂದು ಚರಿತ್ರೆಯ ದಾಖಲೆ. ಜನರ ಸಲಕರಣೆ, ಹಾಡು, ಕುಣಿತಗಳನ್ನು ಕೂಡಿಡಲು ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಮನೆಮನೆಯ ಆಲ್ಬಮ್ಮನ್ನು ಮಾತ್ರ ಆಯಾ ಮನೆಯವರೇ ಉಳಿಸಿಕೊಳ್ಳಬೇಕು.

ಗಾಜಿನಡಿಯ ಬೆಳಕು

ಇದಕ್ಕೆ ಒದಗಿಬಂದ ಸಾಧನ ಮೇಜಿನ ಮೇಲಿಡುವ ಸ್ಕ್ಯಾನರ್. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕರ್ಷ್ ತಮ್ಮ ಹಸುಗೂಸಿನ ಫೋಟೊವನ್ನು ಗಣಕಯಂತ್ರಕ್ಕೆ ಓದಿಸಿದರು. ಆ ಚಿತ್ರದಲ್ಲಿದ್ದುದು ಉದ್ದಕ್ಕೆ 176, ಅಗಲಕ್ಕೆ 176 ಚುಕ್ಕಿಗಳು ಮಾತ್ರ. 1976ರಲ್ಲಿ ರೇ ಕರ್ಜ್‌ವೈಲ್ ಅಂಧರಿಗಾಗಿ ರೂಪಿಸಿದ ಓದುವ ಯಂತ್ರದಲ್ಲಿ ಗಾಜಿನ ಹಾಸಿನ ಸ್ಕ್ಯಾನರ್ ಇತ್ತು. ಎರಡು ದಶಕಗಳು ಕಳೆಯುವಷ್ಟರಲ್ಲಿ ಆ ಬಗೆಯ ಯಂತ್ರ ಮನೆಗಳಿಗೂ ಬಂತು.

ಇದರ ಕೆಲಸ ಸರಳ. ಗಾಜಿನ ಕೆಳಗೆ ದೀಪವೂ ಸಂವೇದಕಗಳ ಸಾಲೂ ಸರಿಯುತ್ತ ಹೋಗುತ್ತವೆ. ಕಾಗದದಿಂದ ಮರಳಿದ ಬೆಳಕನ್ನು ಗೆರೆಗೆರೆಯಾಗಿ ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತವೆ. ಆದರೆ ಸ್ಲೈಡ್ ಮತ್ತು ನೆಗೆಟಿವ್‌ಗಳ ಮೂಲಕ ಬೆಳಕು ಹಾದುಹೋಗಬೇಕು. ಆದ್ದರಿಂದ ಅವಕ್ಕೆ ಮುಚ್ಚಳದಲ್ಲೂ ದೀಪವಿರುವ ಯಂತ್ರವೇ ಬೇಕು. ಕಚೇರಿಯ ಸಾಮಾನ್ಯ ಸ್ಕ್ಯಾನರಿನಲ್ಲಿ ನೆಗೆಟಿವ್ ಕಪ್ಪು ಪಟ್ಟಿಯಾಗಿಯೇ ಕಾಣುವುದು ಇದಕ್ಕಾಗಿ.

ಎಷ್ಟು ಸೂಕ್ಷ್ಮವಾಗಿ ಓದಿಸಬೇಕೆಂಬುದು ಮೂಲದ ಅಳತೆಯನ್ನು ಅವಲಂಬಿಸಿದೆ. 4×6 ಅಂಗುಲದ ಮುದ್ರಿತ ಫೋಟೊವನ್ನು ಅಂಗುಲಕ್ಕೆ 600 ಚುಕ್ಕಿಯಂತೆ ಓದಿಸಿದರೆ 86 ಲಕ್ಷ ಚುಕ್ಕಿಗಳು ದೊರೆಯುತ್ತವೆ, ಅಷ್ಟು ಸಾಕು. 35 ಮಿ.ಮೀ. ನೆಗೆಟಿವ್‌ನ ಒಂದು ಚೌಕಟ್ಟಿನ ಅಳತೆ ಕೇವಲ 24×36 ಮಿ.ಮೀ. ಅದಕ್ಕೆ ಅಂಗುಲಕ್ಕೆ 2400 ಚುಕ್ಕಿಯಾದರೂ ಬೇಕು. ನೆಗೆಟಿವ್ ಉಳಿದಿದ್ದರೆ ಮೊದಲು ಅದನ್ನೇ ಓದಿಸುವುದು ಮೇಲು. ಮುದ್ರಿತ ಪ್ರತಿಯಲ್ಲಿ ಕಾಣದ ವಿವರ ಅದರಲ್ಲಿರುತ್ತದೆ.

ಗಾಜನ್ನೂ ಫೋಟೊವನ್ನೂ ಒರೆಸುವಾಗ ನೀರು ಸೋಕಿಸಬಾರದು. ಮೃದುವಾದ ಕುಂಚದಿಂದ ದೂಳು ಕೊಡವಿದರೆ ಸಾಕು. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಹಳೆಯ ಫೋಟೊವನ್ನು ಕೀಳಲು ಹೋದರೆ ಮುಖವೇ ಕಿತ್ತುಬರುತ್ತದೆ. ಅದನ್ನು ಗಾಜಿನ ಸಮೇತ ಓದಿಸುವುದು ಕ್ಷೇಮ. ದೂಳಿನ ಗುರುತುಗಳನ್ನು ತಾನೇ ಅಳಿಸುವ ಅತಿಗೆಂಪು ಕಿರಣದ ಸೌಲಭ್ಯ ಬಣ್ಣದ ಫಿಲ್ಮಿಗೆ ಉಪಯುಕ್ತ. ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ವಿನಂಥ ಕಪ್ಪು–ಬಿಳುಪು ಫಿಲ್ಮಿಗೆ ಅದು ಒಗ್ಗದು, ಅದರಲ್ಲಿನ ಬೆಳ್ಳಿಯ ಕಣಗಳನ್ನೇ ಯಂತ್ರ ದೂಳೆಂದು ತಿಳಿಯುತ್ತದೆ.

ಕಾಲ ಕಾಯುವುದಿಲ್ಲ

ಡಬ್ಬಿ ತೆರೆದಾಗ ವಿನೆಗರಿನಂಥ ಹುಳಿ ವಾಸನೆ ಬಂದರೆ ತಡಮಾಡುವಂತಿಲ್ಲ. ಅಸಿಟೇಟ್ ಫಿಲ್ಮು ಸೆಖೆ ಮತ್ತು ತೇವಕ್ಕೆ ಒಡೆಯುತ್ತಿರುವ ಲಕ್ಷಣವದು. ‘ಶೋಲೆ’ಯ ನೆಗೆಟಿವನ್ನು ಕೆಡಿಸಿದ್ದೂ ಇದೇ ರೋಗ. ಹೊರಬೀಳುವ ಆಮ್ಲ ಪಕ್ಕದ ಸುರುಳಿಗಳನ್ನೂ ಕೆಡಿಸುವುದರಿಂದ ಅಂಥದನ್ನು ಬೇರೆಯಾಗಿಟ್ಟು ಮೊದಲು ಓದಿಸಬೇಕು.

ಓದಿಸಿದ ಮೇಲೆ ಮೂಲವನ್ನು ಎಸೆಯುವ ಆತುರ ಬೇಡ. ಗಣಕದ ಡಿಸ್ಕೂ ಒಂದು ದಿನ ಕೈಕೊಡುತ್ತದೆ. ಒಂದು ಪ್ರತಿ ಮನೆಯಲ್ಲಿದ್ದರೆ ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಬ್ರಿಟನ್ನಿನಲ್ಲಿ ಪ್ರತಿ ಇದ್ದುದರಿಂದಲ್ಲವೇ ರಾಮದೇವರ ಬೆಟ್ಟದ ಗಬ್ಬರ್ ಸಿಂಗ್ ಮತ್ತೆ ತೆರೆಗೆ ಬಂದದ್ದು?

ಯಂತ್ರ ಮಾಡಲಾರದ ಕೆಲಸ ಒಂದಿದೆ. ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಅದು ಹೇಳದು. ಫೋಟೊದ ಬೆನ್ನ ಮೇಲೆ ಸ್ಟುಡಿಯೊದ ಮೊಹರು, ಮಾಸಿದ ಕೈಬರಹ ಇದ್ದರೆ ಅದನ್ನೂ ಓದಿಸಿಡಬೇಕು. ಅದೂ ಇಲ್ಲದಿದ್ದರೆ ಉಳಿಯುವುದು ಮನೆಯ ಹಿರಿಯರ ನೆನಪು ಮಾತ್ರ. ಎಡಗಡೆ ನಿಂತಿರುವುದು ದೊಡ್ಡಪ್ಪ, ಹಿಂದೆ ಕಾಣುವುದು ಹಳೆಯ ಛತ್ರ ಎಂದು ಹೇಳಬಲ್ಲ ಅಜ್ಜಿ ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಮಾಸಿದ ಬಣ್ಣವನ್ನು ಗಣಕಯಂತ್ರ ತಕ್ಕಮಟ್ಟಿಗೆ ಮರಳಿ ತರಬಲ್ಲದು. ಮರೆತ ಹೆಸರನ್ನು ತರುವ ಯಂತ್ರ ಇನ್ನೂ ಬಂದಿಲ್ಲ.